ಎಡೆದೊರೆ ನಾಡಿನಲ್ಲಿ ಕೀಲೆಣ್ಣೆ: ಬಂಡಿಯ ಅಚ್ಚಿನಿಂದ ಮೋಟಾರು ಯಂತ್ರದವರೆಗೆ

1. ಪ್ರಸ್ತಾವನೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗಕ್ಕೆ ಶಾಸನಗಳಲ್ಲಿ ಎಡೆದೊರೆ ನಾಡೆಂಬ ಹೆಸರಿದೆ. ಈಚಿನ ಇತಿಹಾಸಕಾರರು ಇದನ್ನು ರಾಯಚೂರು ದೋಆಬು ಎಂದು ವ್ಯವಹರಿಸುತ್ತಾರೆ. ಈ ನಾಡಿನ ಚರಿತ್ರೆಯೆಂದೊಡನೆ ಅಭ್ಯಾಸಿಗಳ ಮನಸ್ಸಿಗೆ ಬರುವುದು ಮಸ್ಕಿಯ ಅಶೋಕಶಾಸನ, ಮುದಗಲ್ಲಿನ ಕೋಟೆ, 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಸುಲ್ತಾನನಿಗೂ ನಡೆದ ರಾಯಚೂರು ಯುದ್ಧ, ಇವೇ ಮೊದಲಾದುವು. ಇವು ಮಹತ್ತ್ವದ ಸಂಗತಿಗಳೇ ಸರಿ. ಆದರೆ ಯುದ್ಧಕ್ಕೆ ಧಾನ್ಯವನ್ನು ಹೊತ್ತ ಬಂಡಿಯ ಗಾಲಿ ಯಾವ ಎಣ್ಣೆಯಿಂದ ತಿರುಗಿತು ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳಿದಂತೆ ಕಾಣುವುದಿಲ್ಲ.

ತಿರುಗುವ ಎರಡು ಭಾಗಗಳ ನಡುವಣ ಘರ್ಷಣೆಯನ್ನು ಕಡಿಮೆಮಾಡಲು ಹಾಕುವ ಎಣ್ಣೆಗೆ ಕನ್ನಡದಲ್ಲಿ ಕೀಲೆಣ್ಣೆ ಎಂಬ ಸೊಗಸಾದ ಮಾತಿದೆ. ಬಂಡಿಯ ಕಾಲದಲ್ಲಿ ಹುಟ್ಟಿದ ಈ ಪದವು ಇಂದು ಟ್ರಾಕ್ಟರು, ಲಾರಿ, ಬಸ್ಸುಗಳ ಎಣ್ಣೆಗೂ ಸಲ್ಲುತ್ತದೆ. ಈ ಪ್ರಬಂಧದಲ್ಲಿ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಎಂಬ ಮೂರು ಊರುಗಳ ಪ್ರದೇಶವನ್ನು ಮುಂದಿಟ್ಟುಕೊಂಡು, ಕೀಲೆಣ್ಣೆಯ ಬಳಕೆ ಹೇಗೆ ಬದಲಾಯಿತು, ಬಳಸಿ ಉಳಿದ ಎಣ್ಣೆಯ ಗತಿ ಏನಾಯಿತು, ಅದನ್ನು ಮತ್ತೆ ಒಳ್ಳೆಯ ಕೀಲೆಣ್ಣೆಯನ್ನಾಗಿ ಮಾಡುವ ವಿದ್ಯೆ ಹೇಗೆ ಬೆಳೆಯಿತು ಎಂಬುದನ್ನು ವಿವೇಚಿಸಲು ಪ್ರಯತ್ನಿಸಲಾಗಿದೆ. ವಿಷಯವು ಮೇಲುನೋಟಕ್ಕೆ ಕ್ಷುದ್ರವೆನಿಸಬಹುದು. ಆದರೆ ಇದರಲ್ಲಿ ಈ ನಾಡಿನ ಜನರ ಮಿತವ್ಯಯದ ಸಂಪ್ರದಾಯವೂ, ಅವರು ಕುಡಿಯುವ ನೀರಿನ ಪ್ರಶ್ನೆಯೂ ಅಡಗಿವೆ.

2. ಗಾಣದ ಕಾಲ

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ ಎಣ್ಣೆಯು ಆ ಕಾಲದ ಆರ್ಥಿಕ ಜೀವನದಲ್ಲಿ ಪಡೆದಿದ್ದ ಸ್ಥಾನ ತಿಳಿದೇ ಇದೆ. ಗುಡಿಯ ನಂದಾದೀವಿಗೆಗೆ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ಬಿಟ್ಟ ದತ್ತಿಗಳು ಕನ್ನಡ ನಾಡಿನಾದ್ಯಂತ ದೊರೆಯುತ್ತವೆ. ತೆಲ್ಲಿಗರ ಐವತ್ತೊಕ್ಕಲು ಎಂಬ ವೃತ್ತಿಸಂಘವು ಊರ ಮಹಾಜನರೊಡನೆ, ವ್ಯಾಪಾರಿ ಸಂಘಗಳೊಡನೆ ಸಮಸಮನಾಗಿ ದಾನ ಕೊಡುವುದನ್ನು ಕಾಣುತ್ತೇವೆ. ಗಾಣದೆರೆ ಎಂಬ ತೆರಿಗೆಯು ರಾಜ್ಯದ ಆದಾಯದ ಬಾಬುಗಳಲ್ಲಿ ಒಂದಾಗಿತ್ತು. ಶಾಸನಗಳಲ್ಲಿ ಮೊಸಂಗಿ ಎಂಬ ಹೆಸರಿನಿಂದ ಕಾಣಿಸಿಕೊಳ್ಳುವ ಮಸ್ಕಿಯೂ ಅದರ ಸುತ್ತಣ ಊರುಗಳೂ ಇಂಥ ಆರ್ಥಿಕ ವ್ಯವಸ್ಥೆಯ ಒಳಗೇ ಬಾಳಿದುವು.

ಶಾಸನಗಳು ಹೇಳುವುದು ದೀಪದ ಎಣ್ಣೆಯನ್ನು. ಬಂಡಿಯ ಎಣ್ಣೆಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ, ಏಕೆಂದರೆ ಅದರಿಂದ ಪುಣ್ಯವಿರಲಿಲ್ಲ. ಆದರೆ ಗಾಣದ ಎಣ್ಣೆಯ ಬಳಕೆಗೆ ಒಂದು ಕ್ರಮವಿತ್ತು. ತಿಳಿಯಾದ ಎಣ್ಣೆ ಅಡುಗೆಗೂ ದೀಪಕ್ಕೂ ಹೋಗುತ್ತಿತ್ತು. ಹಿಂಡಿಯು ಎತ್ತುಗಳ ಮೇವಾಗುತ್ತಿತ್ತು. ಪಾತ್ರೆಯ ತಳದಲ್ಲಿ ನಿಂತ ಗಸಿ ಗಾಲಿಗೆ ಒದಗುತ್ತಿತ್ತು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿಯನ್ನು ಕಲಸಿ ಮಂದಮಾಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ತೂಗುಹಾಕುವುದು ಹಳ್ಳಿಗಾಡಿನ ರೂಢಿ. ಕಡಾಣಿಯನ್ನು ತೆಗೆದು, ಗಾಲಿಯನ್ನು ಹೊರಕ್ಕೆ ಸರಿಸಿ, ಅಚ್ಚಿಗೆ ಈ ಎಣ್ಣೆಯನ್ನು ಬಳಿಯುತ್ತಿದ್ದರು. ಗಾಲಿಯಿಂದ ಒಸರಿ ನೆಲಕ್ಕೆ ಬಿದ್ದ ಎಣ್ಣೆ ಮಣ್ಣಿನಲ್ಲಿ ಕೊಳೆತು ಮಣ್ಣಾಗುತ್ತಿತ್ತು. ಅದು ಬೀಜದಿಂದ ಬಂದ ಎಣ್ಣೆ. ಅದನ್ನು ಅರಗಿಸಿಕೊಳ್ಳುವ ಶಕ್ತಿ ಮಣ್ಣಿಗಿತ್ತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಒಂದು, ಎಣ್ಣೆಯ ಯಾವ ಭಾಗವನ್ನೂ ಕಸವೆಂದು ಎಣಿಸುವ ಪದ್ಧತಿ ಈ ನಾಡಿನಲ್ಲಿರಲಿಲ್ಲ. ಎರಡು, ಗಾಲಿಗೆ ಹಾಕುವುದು ಯಾವಾಗಲೂ ಕೆಳದರ್ಜೆಯ, ಕಪ್ಪಾದ ಎಣ್ಣೆ ಎಂಬ ಭಾವನೆ ಜನರಲ್ಲಿ ಬೇರೂರಿತ್ತು. ಮುಂದೆ ಮೋಟಾರು ಯಂತ್ರಗಳ ಕಾಲ ಬಂದಾಗ ಈ ಎರಡು ಅಂಶಗಳೂ ತಮ್ಮ ಪ್ರಭಾವವನ್ನು ಬೀರಿದುವೆಂಬುದನ್ನು ಕೆಳಗೆ ನೋಡಲಿದ್ದೇವೆ.

3. ರೈಲು, ಗಣಿ ಮತ್ತು ರಸ್ತೆ

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದುವು. ಆ ಕಾಲದ ಭಾರತೀಯ ರೈಲುಗಳಲ್ಲಿ ದೀಪಕ್ಕೂ ಗಾಲಿಗಳಿಗೂ ಹರಳೆಣ್ಣೆಯ ಬಳಕೆ ಇತ್ತು. ಹೈದರಾಬಾದು ಸಂಸ್ಥಾನವು ಹರಳಿನ ಬೆಳೆಗೆ ಹೆಸರಾದ ಪ್ರದೇಶ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರೋಟರಿ ಮಾದರಿಯ ವಿಮಾನಯಂತ್ರಗಳಿಗೆ ಹರಳೆಣ್ಣೆಯೇ ಕೀಲೆಣ್ಣೆಯಾಗಿತ್ತೆಂಬುದನ್ನು ನೆನೆದರೆ, ಹಳ್ಳಿಯ ಬಂಡಿಗೂ ಯುರೋಪಿನ ಆಕಾಶದ ಯಂತ್ರಕ್ಕೂ ಸ್ವಲ್ಪ ಕಾಲ ಒಂದೇ ಎಣ್ಣೆ ಒದಗಿತೆನ್ನಬಹುದು.

ಆದರೆ 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನೆಲದಿಂದ ತೈಲವನ್ನು ಎತ್ತಲು ತೊಡಗಿದ ಮೇಲೆ ಖನಿಜ ಎಣ್ಣೆಯ ಕಾಲ ಆರಂಭವಾಯಿತು. ಬೀಜದ ಎಣ್ಣೆ ಹೆಚ್ಚು ಕಾಲ ಕಾದರೆ ಅಂಟಾಗುತ್ತದೆ, ಹುಳಿಯಾಗುತ್ತದೆ. ಖನಿಜ ಎಣ್ಣೆ ಹಬೆಯ ಯಂತ್ರದ ಕಾವನ್ನು ಅದಕ್ಕಿಂತ ಚೆನ್ನಾಗಿ ತಡೆದುಕೊಂಡಿತು. 1886ರಲ್ಲಿ ಆಸ್ಬೋರ್ನ್ ರೇನಾಲ್ಡ್ಸ್ ಎಂಬ ವಿಜ್ಞಾನಿಯು, ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಒಳಕ್ಕೆ ಎಳೆದುಕೊಂಡು ಅದರ ತೆಳುಪೊರೆಯ ಮೇಲೆ ತೇಲುತ್ತದೆಂದು ಗಣಿತದಿಂದ ತೋರಿಸಿದನು. ಲೋಹ ಲೋಹವನ್ನು ಮುಟ್ಟದಂತೆ ನಡುವೆ ನಿಲ್ಲುವುದೇ ಕೀಲೆಣ್ಣೆಯ ಕೆಲಸ ಎಂಬುದು ಇದರಿಂದ ಸ್ಪಷ್ಟವಾಯಿತು.

ನಮ್ಮ ಪ್ರದೇಶದಲ್ಲಿ ಭಾರಿ ಯಂತ್ರಗಳು ಮೊದಲು ಬಂದ ಸ್ಥಳಗಳಲ್ಲಿ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಮುಖ್ಯವಾದುದು. ಇಲ್ಲಿ 600 ಅಡಿಗೂ ಮೀರಿದ ಆಳದ ಪ್ರಾಚೀನ ಚಿನ್ನದ ಅಗೆತಗಳು ಕಂಡುಬಂದಿವೆ. ಮಸ್ಕಿಯ ಅಶೋಕಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಎಂಬವನೂ ಚಿನ್ನದ ಗಣಿಗಳ ಶೋಧಕ್ಕಾಗಿ ಬಂದ ಎಂಜಿನಿಯರನೇ ಆಗಿದ್ದನೆಂಬುದು ಇಲ್ಲಿ ಸ್ಮರಣೀಯ. ಹಟ್ಟಿಯಲ್ಲಿ 1902ರಿಂದ 1920ರವರೆಗೆ ಆಧುನಿಕ ರೀತಿಯ ಗಣಿಗಾರಿಕೆ ನಡೆದು ನಿಂತಿತು. 1947ರಲ್ಲಿ ಹೈದರಾಬಾದು ಸರಕಾರದ ಆಶ್ರಯದಲ್ಲಿ ಸ್ಥಾಪಿತವಾದ ಕಂಪನಿಯು ಅದನ್ನು ಪುನಃ ಆರಂಭಿಸಿತು. ಅದೇ ಇಂದಿನ ಹಟ್ಟಿ ಚಿನ್ನದ ಗಣಿ ಕಂಪನಿ. ಅದಿರನ್ನು ಮೇಲೆತ್ತುವ ಯಂತ್ರ, ಗಾಳಿಯನ್ನು ಒತ್ತುವ ಯಂತ್ರ, ಕಲ್ಲನ್ನು ಅರೆಯುವ ಯಂತ್ರ ಇವೆಲ್ಲಕ್ಕೂ ಬೇಕಾದುದು ಗಾಣದ ಎಣ್ಣೆಯಲ್ಲ, ಪೀಪಾಯಿಗಳಲ್ಲಿ ಬರುವ ಖನಿಜ ಎಣ್ಣೆ.

ರಾಯಚೂರಿಗೆ ರೈಲು ಬಂದರೂ ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಬಹುಕಾಲ ರಸ್ತೆಯನ್ನೇ ನಂಬಿಕೊಂಡು ಬಾಳಿದುವು. 1932ರಲ್ಲಿ ನಿಜಾಮ ಸಂಸ್ಥಾನದ ರೈಲ್ವೆಯು 27 ಬಸ್ಸುಗಳೊಡನೆ ರಸ್ತೆಸಾರಿಗೆ ವಿಭಾಗವನ್ನು ಆರಂಭಿಸಿತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಮೈಸೂರು ರಾಜ್ಯ ರಸ್ತೆಸಾರಿಗೆ ನಿಗಮ ಸ್ಥಾಪಿತವಾಯಿತು. ಅದರಿಂದ ಮುಂದೆ 2000ದಲ್ಲಿ ಬೇರೆಯಾದ ಈಶಾನ್ಯ ನಿಗಮಕ್ಕೆ 2021ರಿಂದ ಕಲ್ಯಾಣ ಕರ್ನಾಟಕ ರಸ್ತೆಸಾರಿಗೆ ನಿಗಮವೆಂಬ ಹೆಸರು ಬಂದಿದೆ. ಹೆಸರುಗಳು ಬದಲಾದರೂ ಡಿಪೊಗಳಲ್ಲಿ ನಡೆಯುವ ಒಂದು ಕೆಲಸ ಬದಲಾಗಲಿಲ್ಲ: ಬಸ್ಸು ಗೊತ್ತಾದಷ್ಟು ದೂರ ಓಡಿದ ಮೇಲೆ ಅದರ ಯಂತ್ರದ ಕಪ್ಪು ಎಣ್ಣೆಯನ್ನು ಕೆಳಗಿಳಿಸಿ ಹೊಸದನ್ನು ತುಂಬುವುದು.

4. ಕಾಲುವೆಯ ನೀರು, ಟ್ರಾಕ್ಟರಿನ ಎಣ್ಣೆ

1945ರ ಫೆಬ್ರುವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ಪ್ರದೇಶಗಳ ಬದುಕನ್ನೇ ಬದಲಿಸಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಬತ್ತದ ಗದ್ದೆಯಾಯಿತು. ಆಂಧ್ರದ ಕಡೆಯಿಂದ ರೈತರು ಬಂದು ಭೂಮಿ ಕೊಂಡು ಕ್ಯಾಂಪುಗಳೆಂಬ ಹೊಸ ವಸತಿಗಳನ್ನು ಮಾಡಿಕೊಂಡರು. ಮುಂದೆ ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಅಣೆಕಟ್ಟಿನಿಂದ ಲಿಂಗಸುಗೂರಿನ ಕಡೆಗೂ ಕಾಲುವೆಯ ನೀರು ಬಂದಿತು.

ಕಾಲುವೆಯ ಹಿಂದೆಯೇ ಯಂತ್ರ ಬಂದಿತು. 1960ರ ದಶಕದ ಆರಂಭದಲ್ಲಿ ಭಾರತದಲ್ಲಿಯೇ ಟ್ರಾಕ್ಟರುಗಳ ತಯಾರಿಕೆ ಮೊದಲಾಯಿತು. ಕೆಸರುಗದ್ದೆಯನ್ನು ಹದಮಾಡಲು, ಬತ್ತವನ್ನು ಗಿರಣಿಗೆ ಸಾಗಿಸಲು ಎತ್ತಿನ ಬದಲು ಟ್ರಾಕ್ಟರು ನಿಂತಿತು. ಇಂದು ಸಿಂಧನೂರು ಟ್ರಾಕ್ಟರುಗಳ ಮಾರಾಟಕ್ಕೂ ದುರಸ್ತಿಗೂ ಹೆಸರಾದ ಪೇಟೆ. ಅಕ್ಕಿ ಗಿರಣಿ, ಕೊಯ್ಲಿನ ಯಂತ್ರ, ನೀರೆತ್ತುವ ಡೀಸಲ್ ಯಂತ್ರ, ಲಾರಿ, ಮೋಟಾರು ಸೈಕಲ್ಲು ಇವೆಲ್ಲ ಒಂದರ ಹಿಂದೊಂದು ಬಂದುವು.

ಇವುಗಳ ಎಣ್ಣೆಯ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸಾಮಾನ್ಯ ಟ್ರಾಕ್ಟರಿನ ಯಂತ್ರದಲ್ಲಿ ಸುಮಾರು 7 ಲೀಟರು ಎಣ್ಣೆ ಹಿಡಿಯುತ್ತದೆ. ಸುಮಾರು 250 ಗಂಟೆಗಳ ದುಡಿಮೆಗೊಮ್ಮೆ ಅದನ್ನು ಬದಲಿಸುವುದು ವಾಡಿಕೆ. ವರ್ಷಕ್ಕೆ ಎರಡು ಸಲವೆಂದು ಹಿಡಿದರೂ 1000 ಟ್ರಾಕ್ಟರುಗಳಿಂದ 14,000 ಲೀಟರು ಹಳೆಯ ಎಣ್ಣೆ ಕೆಳಗಿಳಿಯುತ್ತದೆ. ಇದು ಒಂದೇ ಬಗೆಯ ವಾಹನದ ಲೆಕ್ಕ. ಕಾಲುವೆಯ ಉದ್ದ, ನೀರಾವರಿಯ ಎಕರೆ, ಬತ್ತದ ಇಳುವರಿ ಇವನ್ನು ನಾವು ಶ್ರದ್ಧೆಯಿಂದ ಬರೆದಿಟ್ಟಿದ್ದೇವೆ. ಆ ಇಳುವರಿಯನ್ನು ಸಾಧ್ಯಮಾಡಿದ ಯಂತ್ರಗಳು ಹೊರಹಾಕಿದ ಎಣ್ಣೆಯ ಕಡೆಗೆ ಚರಿತ್ರಕಾರರ ಗಮನ ಹರಿದಿಲ್ಲ.

5. ಹಳೆಯ ರೂಢಿ, ಹೊಸ ದ್ರವ್ಯ

ಗ್ಯಾರೇಜುಗಳಲ್ಲಿ ವೇಸ್ಟ್ ಆಯಿಲ್ ಎಂದು ಕರೆಯುವ ಈ ಎಣ್ಣೆಯನ್ನು ಜನರು ವ್ಯರ್ಥವಾಗಿ ಚೆಲ್ಲಿದರೆಂದು ಭಾವಿಸಿದರೆ ತಪ್ಪಾಗುತ್ತದೆ. ಬಂಡಿಯ ಗಾಲಿಗೆ ಅದನ್ನು ಬಳಿದರು. ಗೆದ್ದಲು ಹತ್ತದಂತೆ ಮರದ ಕಂಬಗಳಿಗೂ ತೊಲೆಗಳಿಗೂ ಸವರಿದರು. ಮನೆ ಕಟ್ಟುವವರು ಸಿಮೆಂಟು ಅಂಟದಂತೆ ಸೆಂಟ್ರಿಂಗ್ ತಗಡುಗಳಿಗೆ ಹಚ್ಚಿದರು. ಒಲೆಗೂ ಭಟ್ಟಿಗೂ ಉರುವಲಾಗಿ ಉಪಯೋಗಿಸಿದರು. ಗಾಣದ ಗಸಿಯನ್ನು ಗಾಲಿಗೆ ಹಾಕುತ್ತಿದ್ದ ಬುದ್ಧಿಯೇ ಇಲ್ಲಿಯೂ ಕೆಲಸಮಾಡಿದೆ. ಯಾವುದನ್ನೂ ಕೆಡಿಸಬಾರದೆಂಬ ಹಿರಿಯರ ಮಾತಿಗೆ ಇದು ಹೊಂದಿಕೊಂಡೇ ಇದೆ. ಆದುದರಿಂದ ಇದನ್ನು ಅಜ್ಞಾನವೆಂದು ಜರೆಯುವುದು ನ್ಯಾಯವಲ್ಲ.

ಆದರೆ ರೂಢಿ ಅದೇ ಉಳಿದು ದ್ರವ್ಯ ಬದಲಾದುದು ಇಲ್ಲಿನ ತೊಡಕು. ಯಂತ್ರದಲ್ಲಿ ದುಡಿದ ಎಣ್ಣೆಯಲ್ಲಿ ಮಸಿ, ನೀರು, ಸೇರಿಕೊಂಡ ಡೀಸಲ್, ಸವೆದ ಕಬ್ಬಿಣ, ತಾಮ್ರ, ಸೀಸಗಳ ಸೂಕ್ಷ್ಮ ಕಣಗಳು ಇರುತ್ತವೆ. ಯಂತ್ರದ ರಕ್ಷಣೆಗಾಗಿ ಮೊದಲೇ ಬೆರೆಸಿದ ಸತುವು, ರಂಜಕಗಳ ಸಂಯುಕ್ತಗಳಿರುತ್ತವೆ. ದಹನದಿಂದ ಹುಟ್ಟುವ ಕೆಲವು ಹೈಡ್ರೊಕಾರ್ಬನ್ನುಗಳು ಅರ್ಬುದ ರೋಗಕ್ಕೆ ಕಾರಣವಾಗಬಲ್ಲವು. ಇದು ಹರಳೆಣ್ಣೆಯಂತೆ ಬೇಗ ಮಣ್ಣಾಗುವುದಿಲ್ಲ; ನೀರಿನ ಮೇಲೆ ಪೊರೆಯಾಗಿ ಹರಡಿ ಗಾಳಿ ಒಳಸೇರದಂತೆ ಮಾಡುತ್ತದೆ. ಸಿಂಧನೂರಿನ ಸುತ್ತಣ ಊರುಗಳು ಕಾಲುವೆಯ ನೀರನ್ನೇ ಕೆರೆಗೆ ತುಂಬಿಕೊಂಡು ಕುಡಿಯುತ್ತವೆ. ಮಸ್ಕಿಯ ಹಳ್ಳ ಹರಿದುಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಇಂಥ ಪ್ರದೇಶದಲ್ಲಿ ಗ್ಯಾರೇಜಿನ ಚರಂಡಿಗೂ ಕುಡಿಯುವ ನೀರಿಗೂ ನಡುವೆ ಇರುವ ಅಂತರ ಬಹಳ ಕಿರಿದು.

ಅನ್ಯದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕದ ಮಿಸ್ಸೂರಿ ಸಂಸ್ಥಾನದ ಟೈಮ್ಸ್ ಬೀಚ್ ಎಂಬ ಸಣ್ಣ ಊರಿನಲ್ಲಿ 1970ರ ದಶಕದಲ್ಲಿ ರಸ್ತೆಯ ಧೂಳನ್ನು ಅಡಗಿಸಲು ಹಳೆಯ ಎಣ್ಣೆಯನ್ನು ಚಿಮುಕಿಸುತ್ತಿದ್ದರು. ಆ ಎಣ್ಣೆಗೆ ರಾಸಾಯನಿಕ ಕಾರ್ಖಾನೆಯೊಂದರ ಡೈಯಾಕ್ಸಿನ್ ಎಂಬ ಘೋರ ವಿಷವುಳ್ಳ ಕಲ್ಮಷ ಬೆರೆತಿತ್ತು. 1982ರಲ್ಲಿ ಇದು ಬಯಲಾಯಿತು. 1983ರಲ್ಲಿ ಸರಕಾರವು ಊರನ್ನೇ ಕೊಂಡು ಜನರನ್ನು ತೆರವುಮಾಡಿಸಿತು. ಎಲ್ಲ ಹಳೆಯ ಎಣ್ಣೆಯಲ್ಲಿಯೂ ಇಂಥ ವಿಷವಿರುತ್ತದೆಂದು ಇದರಿಂದ ಹೇಳಲಾಗದು. ಒಮ್ಮೆ ಕೈಬಿಟ್ಟ ಎಣ್ಣೆಗೆ ನಡುದಾರಿಯಲ್ಲಿ ಏನು ಬೆರೆಯಿತೆಂಬುದು ಕೊನೆಯಲ್ಲಿ ಬಳಸುವವನಿಗೆ ತಿಳಿಯದು ಎಂಬುದೇ ಇಲ್ಲಿನ ಪಾಠ.

6. ಮರುಶುದ್ಧೀಕರಣದ ವಿದ್ಯೆ

ಹಾಗಾದರೆ ಹಳೆಯ ಎಣ್ಣೆಯನ್ನು ಮತ್ತೆ ಹೊಸದರಂತೆ ಮಾಡಬಹುದೆ? ಮಾಡಬಹುದು. ಏಕೆಂದರೆ ಎಣ್ಣೆ ಮಲಿನವಾಗುತ್ತದೆಯೇ ಹೊರತು ಅದರ ಮೂಲದ್ರವ್ಯದ ಬಹುಭಾಗ ಸವೆದುಹೋಗುವುದಿಲ್ಲ. ಬೆರೆಸಿದ ರಾಸಾಯನಿಕಗಳು ಕ್ಷಯಿಸುತ್ತವೆ, ಕಲ್ಮಷ ಸೇರುತ್ತದೆ, ಆದರೆ ಹಿಂದಿರುವ ಎಣ್ಣೆ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಟಣೆಗಳು ಈ ಅಂಶವನ್ನು ಒಂದು ಲೆಕ್ಕದಿಂದ ತಿಳಿಸುತ್ತವೆ. ಎರಡೂವರೆ ಕ್ವಾರ್ಟು, ಎಂದರೆ ಸುಮಾರು 2.4 ಲೀಟರು ಕೀಲೆಣ್ಣೆಯನ್ನು ಪಡೆಯಲು 42 ಗ್ಯಾಲನ್ನುಗಳ ಒಂದು ಪೀಪಾಯಿ ಕಚ್ಚಾತೈಲ ಬೇಕು. ಅಷ್ಟೇ ಕೀಲೆಣ್ಣೆಯನ್ನು ಒಂದೇ ಗ್ಯಾಲನ್, ಎಂದರೆ ಸುಮಾರು 3.8 ಲೀಟರು ಹಳೆಯ ಎಣ್ಣೆಯಿಂದ ಪಡೆಯಬಹುದು.

ಈ ವಿದ್ಯೆಯ ಮೊದಲ ಹಂತ ಆಮ್ಲ ಮತ್ತು ಜೇಡಿಯ ಕ್ರಮ. ಎಣ್ಣೆಯನ್ನು ಕಾಸಿ ನೀರನ್ನು ಕಳೆದು, ತೀಕ್ಷ್ಣವಾದ ಗಂಧಕಾಮ್ಲವನ್ನು ಬೆರೆಸಿದರೆ ಕಲ್ಮಷಗಳು ಗಸಿಯಾಗಿ ಕೆಳಗೆ ನಿಲ್ಲುತ್ತವೆ. ಮೇಲಿನ ಎಣ್ಣೆಯನ್ನು ಮುಲ್ತಾನಿ ಮಣ್ಣಿನ ಜಾತಿಯ ಜೇಡಿಯೊಡನೆ ಕಲಸಿ ಸೋಸಿದರೆ ಬಣ್ಣವೂ ವಾಸನೆಯೂ ಹೋಗುತ್ತವೆ. ಕಡಿಮೆ ಬಂಡವಾಳದ ಈ ಕ್ರಮ ಸಣ್ಣ ಉದ್ಯಮಿಗಳಿಗೆ ಅನುಕೂಲವಾಗಿ, ಅನೇಕ ದೇಶಗಳಲ್ಲಿ ಹರಡಿತು. ಆದರೆ ಇದರಿಂದ ಉಳಿಯುವ ಆಮ್ಲದ ಗಸಿಯು ಮೂಲದ ಎಣ್ಣೆಗಿಂತಲೂ ಅಪಾಯಕರ. ಒಂದು ಕಸವನ್ನು ತೆಗೆಯಲು ಹೋಗಿ ಇನ್ನೊಂದನ್ನು ಹುಟ್ಟಿಸಿದಂತಾಯಿತು.

ಎರಡನೆಯ ಹಂತ ನಿರ್ವಾತ ಬಟ್ಟಿಯಿಳಿಸುವಿಕೆ. ಸಾಮಾನ್ಯ ಒತ್ತಡದಲ್ಲಿ ಕೀಲೆಣ್ಣೆಯನ್ನು ಕುದಿಯುವವರೆಗೆ ಕಾಸಿದರೆ ಅದರ ಅಣುಗಳೇ ಒಡೆದುಹೋಗುತ್ತವೆ. ಗಾಳಿಯನ್ನು ಹೊರಗೆಳೆದ ಪಾತ್ರೆಯಲ್ಲಿ ಅದು ಕಡಿಮೆ ಕಾವಿನಲ್ಲಿಯೇ ಆವಿಯಾಗುತ್ತದೆ. ಕಾದ ಗೋಡೆಯ ಮೇಲೆ ಎಣ್ಣೆಯನ್ನು ತೆಳುಪೊರೆಯಾಗಿ ಹರಡಿ ಕ್ಷಣಮಾತ್ರದಲ್ಲಿ ಆವಿಮಾಡುವ ಯಂತ್ರಗಳು ಈ ಕೆಲಸವನ್ನು ಇನ್ನೂ ಸುಗಮ ಮಾಡಿದುವು. ಲೋಹದ ಕಣಗಳೂ ಮಸಿಯೂ ತಳದಲ್ಲಿ ಉಳಿದು ಡಾಂಬರಿನಂಥ ವಸ್ತುವಾಗುತ್ತವೆ. ಹೀಗೆ ಬಂದ ಎಣ್ಣೆಯನ್ನು ಜೇಡಿಯಿಂದಲೋ, ದ್ರಾವಕದಿಂದಲೋ, ಜಲಜನಕದ ಸಂಸ್ಕಾರದಿಂದಲೋ ಶುದ್ಧಿಮಾಡಿ, ಬೇಕಾದ ರಾಸಾಯನಿಕಗಳನ್ನು ಹೊಸದಾಗಿ ಬೆರೆಸಿದರೆ ಹೊಸ ಕೀಲೆಣ್ಣೆಗೆ ಸಮನಾದ ಎಣ್ಣೆ ದೊರೆಯುತ್ತದೆ. ಇಲ್ಲಿ ಸಮನೆಂಬ ಮಾತನ್ನು ಪರೀಕ್ಷೆಯಿಂದ ನಿರ್ಣಯಿಸಬೇಕು, ಬಣ್ಣದಿಂದಲ್ಲ.

ಈ ಮಾತಿಗೆ ಒಂದು ಚರಿತ್ರೆಯಿದೆ. 1964ರಲ್ಲಿ ಅಮೆರಿಕದ ವ್ಯಾಪಾರ ಆಯೋಗವು ಮರುಶುದ್ಧಿಮಾಡಿದ ಎಣ್ಣೆಯ ಡಬ್ಬಿಯ ಮೇಲೆ ಅದು ಮೊದಲೇ ಬಳಸಿದ ಎಣ್ಣೆಯೆಂದು ಬರೆಯಬೇಕೆಂದು ನಿಯಮ ಮಾಡಿತು. ಗ್ರಾಹಕನ ರಕ್ಷಣೆಗಾಗಿ ಮಾಡಿದ ಈ ನಿಯಮ ಒಳ್ಳೆಯ ಎಣ್ಣೆಗೂ ಕಳಂಕ ತಂದಿತು. 1995ರಲ್ಲಿ ಆ ಆಯೋಗವೇ, ನಿಗದಿಯಾದ ಪರೀಕ್ಷೆಗಳಲ್ಲಿ ಹೊಸ ಎಣ್ಣೆಗೆ ಸಮನೆಂದು ಕಂಡರೆ ಹಾಗೆಂದು ಹೇಳಿಕೊಳ್ಳಬಹುದೆಂಬ ಹೊಸ ನಿಯಮ ತಂದಿತು. ಪಶ್ಚಿಮ ಜರ್ಮನಿಯು 1968ರಲ್ಲಿಯೇ ಹಳೆಯ ಎಣ್ಣೆಯ ಸಂಗ್ರಹಕ್ಕಾಗಿ ಕಾನೂನು ಮಾಡಿತ್ತು. 1975ರ ಯುರೋಪಿಯನ್ ಸಮುದಾಯದ ನಿರ್ದೇಶವು ಹಳೆಯ ಎಣ್ಣೆಯನ್ನು ಮರುಶುದ್ಧಿಯಿಂದಲೋ ಉರುವಲಾಗಿಯೋ ಸಾಧ್ಯವಾದಷ್ಟು ಮತ್ತೆ ಬಳಸಬೇಕೆಂದು ಹೇಳಿತು. 1973ರ ತೈಲ ಬಿಕ್ಕಟ್ಟಿನ ನೆರಳು ಆ ಕಾಲದ ಮೇಲಿತ್ತೆಂಬುದನ್ನು ಮರೆಯಬಾರದು.

7. ಭಾರತದ ಕಾನೂನು ಮತ್ತು ನಮ್ಮ ಪೇಟೆಗಳು

ಭಾರತದಲ್ಲಿ ಕೀಲೆಣ್ಣೆಯ ಮೂಲದ್ರವ್ಯದ ಬಹುಭಾಗ 1960ರ ದಶಕದವರೆಗೆ ಹೊರದೇಶದಿಂದ ಬರುತ್ತಿತ್ತು. ಆ ದಶಕದ ಕೊನೆಯಲ್ಲಿ ಮುಂಬಯಿ ಮತ್ತು ಮದರಾಸುಗಳಲ್ಲಿ ಅದರ ತಯಾರಿಕೆ ಆರಂಭವಾಯಿತು. ಕಚ್ಚಾತೈಲದ ವಿಷಯದಲ್ಲಿ ದೇಶವು ಇಂದಿಗೂ ತನ್ನ ಅವಶ್ಯಕತೆಯ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗವನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದೆ. ಆದುದರಿಂದ ಕೆಳಗಿಳಿಸಿದ ಎಣ್ಣೆಯ ಪ್ರತಿಯೊಂದು ಪೀಪಾಯಿಯೂ ವಿದೇಶೀ ವಿನಿಮಯದ ಒಂದು ಅಂಶವೇ ಆಗಿದೆ.

1987ರಲ್ಲಿ ಕೀಲೆಣ್ಣೆ ಮತ್ತು ಗ್ರೀಸುಗಳ ತಯಾರಿಕೆ, ಸರಬರಾಜುಗಳನ್ನು ನಿಯಂತ್ರಿಸುವ ಆದೇಶವೊಂದು ಹೊರಟಿತು. 1989ರಲ್ಲಿ ಅಪಾಯಕರ ತ್ಯಾಜ್ಯಗಳ ನಿಯಮಗಳು ಬಂದುವು. ಮುಂದಿನ ತಿದ್ದುಪಡಿಗಳೂ, 2008 ಮತ್ತು 2016ರ ನಿಯಮಗಳೂ ಬಳಸಿದ ಎಣ್ಣೆಯನ್ನು ಪ್ರತ್ಯೇಕವಾಗಿ ಗುರುತಿಸಿದುವು. ಅದರಲ್ಲಿ ಸೀಸವು ಹತ್ತು ಲಕ್ಷದಲ್ಲಿ 100 ಭಾಗಕ್ಕೆ ಮೀರಬಾರದೆಂಬಂಥ ಮಿತಿಗಳು ಗೊತ್ತಾದುವು. ಆಮ್ಲದ ಕ್ರಮವನ್ನು ಕೈಬಿಟ್ಟು ನಿರ್ವಾತ ಕ್ರಮಗಳನ್ನು ಅನುಸರಿಸುವವರಿಗೆ ಮಾತ್ರ ಮನ್ನಣೆಯೆಂದು ಆಯಿತು. 2023ರ ಸೆಪ್ಟೆಂಬರಿನಲ್ಲಿ ಹೊರಟು 2024ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿಯು ಇನ್ನೂ ಮುಂದಕ್ಕೆ ಹೋಗಿ, ಎಣ್ಣೆಯನ್ನು ತಯಾರಿಸುವವರ ಮತ್ತು ಆಮದುಮಾಡುವವರ ಮೇಲೆಯೇ ಹಳೆಯ ಎಣ್ಣೆಯ ಮರುಬಳಕೆಯ ಹೊಣೆಯನ್ನು ಹೊರಿಸಿದೆ. ಮೊದಲನೆಯ ವರ್ಷದ ಗುರಿ ನೂರಕ್ಕೆ 5. ಅದು ಹಂತಹಂತವಾಗಿ ಏರುತ್ತ ಹೋಗುತ್ತದೆ.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಅದು ಮುಟ್ಟುವುದು ಮುಖ್ಯವಾಗಿ ದೊಡ್ಡ ಸ್ಥಳಗಳನ್ನು. ಬಸ್ಸಿನ ಡಿಪೊ, ಗಣಿ, ವಿದ್ಯುತ್ ಕೇಂದ್ರ ಇಂಥಲ್ಲಿ ಎಣ್ಣೆ ಒಂದೆಡೆ ಕೂಡುತ್ತದೆ, ಲೆಕ್ಕಕ್ಕೆ ಸಿಗುತ್ತದೆ, ಅಧಿಕೃತರಾದವರಿಗೆ ಮಾರಲು ಅನುಕೂಲವಿದೆ. ಸಿಂಧನೂರಿನ ರಸ್ತೆಯ ಬದಿಯ ಗ್ಯಾರೇಜಿನಲ್ಲಿಯಾಗಲಿ, ಮಸ್ಕಿಯ ಹೊಲದ ಬದುವಿನಲ್ಲಿ ತನ್ನ ಟ್ರಾಕ್ಟರಿನ ಎಣ್ಣೆಯನ್ನು ತಾನೇ ಬದಲಿಸುವ ರೈತನಲ್ಲಿಯಾಗಲಿ ಅದು ಐದಾರು ಲೀಟರುಗಳ ಮಾತು. ಡಬ್ಬಿ ತುಂಬಿದಾಗ ಬಂದು ಕೊಳ್ಳುವವನು ಯಾರು, ಅವನು ಅದನ್ನು ಎಲ್ಲಿಗೆ ಒಯ್ಯುತ್ತಾನೆ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಸುಡುವುದಕ್ಕೆ ಕೊಳ್ಳುವವನು ಶುದ್ಧಿಮಾಡುವವನಿಗಿಂತ ಒಂದು ರೂಪಾಯಿ ಹೆಚ್ಚು ಕೊಟ್ಟರೆ ಎಣ್ಣೆ ಅವನ ಕಡೆಗೇ ಹೋಗುತ್ತದೆ.

ಇದಕ್ಕಿಂತಲೂ ಗಂಭೀರವಾದುದು ನಂಬಿಕೆಯ ಪ್ರಶ್ನೆ. ಹಳೆಯ ಎಣ್ಣೆಯನ್ನು ಬರಿದೇ ಸೋಸಿ, ಬಣ್ಣ ತಿಳಿಮಾಡಿ, ಹೊಸ ಡಬ್ಬಿಯಲ್ಲಿ ತುಂಬಿ ಮಾರುವ ಮೋಸ ದೇಶದ ಹಲವೆಡೆ ನಡೆದಿದೆ. ಅಂಥ ಎಣ್ಣೆಯಿಂದ ಯಂತ್ರ ಕೆಟ್ಟ ರೈತನು ಸಕ್ರಮವಾಗಿ ಮರುಶುದ್ಧಿಮಾಡಿದ ಎಣ್ಣೆಯನ್ನೂ ಸಂಶಯದಿಂದ ನೋಡುವುದು ಸಹಜ. ಬತ್ತದ ಹಂಗಾಮಿನ ನಡುವೆ ಟ್ರಾಕ್ಟರು ನಿಂತರೆ ಅವನಿಗಾಗುವ ನಷ್ಟ ಎಣ್ಣೆಯ ಬೆಲೆಯ ಹತ್ತಾರು ಪಟ್ಟು. ಹಾಗಿರುವಾಗ ಅಗ್ಗದ ಮಾತನ್ನು ಮುಂದಿಟ್ಟು ಅವನನ್ನು ಒಪ್ಪಿಸಲಾಗದು. ಪರೀಕ್ಷೆಗೆ ಒಳಪಟ್ಟ ಎಣ್ಣೆಗೂ ಸೋಸಿದ ಎಣ್ಣೆಗೂ ಇರುವ ಭೇದವನ್ನು ಪೇಟೆಯಲ್ಲಿ ಕಣ್ಣಿಗೆ ಕಾಣುವಂತೆ ಮಾಡಬೇಕು. ಅಮೆರಿಕದ 1964ರ ಮತ್ತು 1995ರ ನಿಯಮಗಳ ಅಂತರದಲ್ಲಿ ಇದೇ ಪಾಠವಿದೆ.

ನಮ್ಮಲ್ಲಿಯೇ ಇದಕ್ಕೆ ಅನುಕೂಲವಾದ ಒಂದು ದೃಷ್ಟಾಂತವುಂಟು. ವಿದ್ಯುತ್ತಿನ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯನ್ನು ದುರಸ್ತಿಯ ಕಾಲದಲ್ಲಿ ಸೋಸಿ, ತೇವವನ್ನು ತೆಗೆದು, ವಿದ್ಯುತ್ತಿನ ಒತ್ತಡವನ್ನು ತಡೆಯುವ ಶಕ್ತಿಯನ್ನು ಪರೀಕ್ಷಿಸಿ, ಮತ್ತೆ ಅದನ್ನೇ ತುಂಬುವುದು ಬಹುಕಾಲದ ಪದ್ಧತಿ. ಇದಕ್ಕೆ ಯಾರೂ ಹಿಂಜರಿಯುವುದಿಲ್ಲ. ಏಕೆಂದರೆ ಪರೀಕ್ಷೆ ಎದುರಿಗೇ ನಡೆಯುತ್ತದೆ. ಅದೇ ಬಗೆಯ ಭರವಸೆ ಯಂತ್ರದ ಎಣ್ಣೆಗೂ ದೊರೆಯಬೇಕಾಗಿದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ನಿರ್ಣಯಗಳಿಗೆ ಬರಬಹುದು. ಮೊದಲನೆಯದು, ಬಳಸಿದ ಎಣ್ಣೆಯನ್ನು ಮತ್ತೆ ಬಳಸುವ ಬುದ್ಧಿ ಈ ನಾಡಿಗೆ ಹೊರಗಿನಿಂದ ಬಂದುದಲ್ಲ. ಗಾಣದ ಕಾಲದಿಂದಲೂ ಅದು ಇಲ್ಲಿನ ಜೀವನಕ್ರಮದ ಅಂಗವಾಗಿತ್ತು. ಎರಡನೆಯದು, ಬೀಜದ ಎಣ್ಣೆಗೆ ಒಪ್ಪುವ ರೂಢಿಯನ್ನು ಖನಿಜ ಎಣ್ಣೆಗೂ ಹಾಗೆಯೇ ಮುಂದುವರಿಸಿದುದರಿಂದ ಮಿತವ್ಯಯವೇ ಹಾನಿಯಾಗಿ ಪರಿಣಮಿಸಿತು. ಮೂರನೆಯದು, ಮರುಶುದ್ಧೀಕರಣವು ಆ ಹಳೆಯ ಮಿತವ್ಯಯವನ್ನು ಹೊಸ ದ್ರವ್ಯಕ್ಕೆ ತಕ್ಕಂತೆ ಸಾಧಿಸುವ ಮಾರ್ಗ; ಆದರೆ ಸಣ್ಣ ಪ್ರಮಾಣದ ಸಂಗ್ರಹವೂ ಪರೀಕ್ಷೆಯ ಭರವಸೆಯೂ ಇಲ್ಲದೆ ಅದು ಸಿದ್ಧಿಸಲಾರದು. ಟ್ರಾಕ್ಟರನ್ನು ಮಾರುವ ಪೇಟೆಯಲ್ಲಿಯೇ, ಸಹಕಾರಿ ಸಂಘದ ಅಂಗಳದಲ್ಲಿಯೋ ಗೊಬ್ಬರದ ಅಂಗಡಿಯ ಪಕ್ಕದಲ್ಲಿಯೋ, ನೀರು ಬೆರೆಸದ ಹಳೆಯ ಎಣ್ಣೆಯನ್ನು ಅಳೆದು ತೆಗೆದುಕೊಂಡು ಬೆಲೆಕೊಡುವ ಒಂದು ಪೀಪಾಯಿಯನ್ನು ಇಡುವುದು ದೊಡ್ಡ ಬಂಡವಾಳದ ಕೆಲಸವಲ್ಲ.

ಚರಿತ್ರೆಯ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಕೀಲೆಣ್ಣೆಯನ್ನು ಕಲಸುತ್ತಿದ್ದ ಹಿರಿಯರು, ಬಂಡಿಯನ್ನು ಮಾಡುತ್ತಿದ್ದ ಬಡಿಗರು, ಕಾಲುವೆ ಬಂದ ಹೊಸದರಲ್ಲಿ ಗ್ಯಾರೇಜು ತೆರೆದ ಮೇಸ್ತ್ರಿಗಳು ದಿನದಿನಕ್ಕೆ ವಿರಳರಾಗುತ್ತಿದ್ದಾರೆ. ಅವರು ಯಾವ ಎಣ್ಣೆಯನ್ನು ಎಲ್ಲಿಂದ ತಂದರು, ಏನು ಬೆಲೆ ಕೊಟ್ಟರು, ಹಳೆಯದನ್ನು ಯಾರಿಗೆ ಕೊಟ್ಟರು ಎಂಬ ಸಂಗತಿಗಳು ದಫ್ತರಗಳಲ್ಲಿಲ್ಲ, ಅವರ ನೆನಪಿನಲ್ಲಿವೆ. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಇದನ್ನು ಕೇಳಿ, ವರ್ಷ ಮತ್ತು ಅಳತೆಗಳೊಡನೆ ಬರೆದಿಟ್ಟರೆ, ಎಡೆದೊರೆ ನಾಡಿನ ಆರ್ಥಿಕ ಚರಿತ್ರೆಯಲ್ಲಿ ಇಂದು ಬರಿದಾಗಿರುವ ಒಂದು ಪುಟ ತುಂಬುವುದು.